ಹಚ್ಚೆ ಅಳಿಸಲು, ಬಂಗು ತಗ್ಗಿಸಲು ಲೇಸರ್: ನಮ್ಮ ಕಂದು ಚರ್ಮಕ್ಕೆ ಹೊಂದುವ ಸಮಗ್ರ ಮಾರ್ಗದರ್ಶಿ

ಲೇಸರ್ ಚಿಕಿತ್ಸೆಯ ಬಗ್ಗೆ ವಿಚಾರಿಸುವವರು ಸಾಮಾನ್ಯವಾಗಿ ಮೊದಲು ಕೇಳುವುದು ಎಷ್ಟು ಸಿಟ್ಟಿಂಗ್ ಬೇಕು, ಎಷ್ಟು ಖರ್ಚಾಗುತ್ತದೆ ಎಂದು. ನಾನೂ ಹಾಗೆಯೇ ಕೇಳಿದ್ದೆ. ಕಾಲೇಜಿನ ದಿನಗಳಲ್ಲಿ ಎಡ ಮುಂಗೈ ಮೇಲೆ ಹಾಕಿಸಿಕೊಂಡಿದ್ದ ಮೂರು ಕಪ್ಪು ಅಕ್ಷರಗಳನ್ನು ತೆಗೆಸಲು ಹೋದಾಗ, ಚರ್ಮರೋಗ ತಜ್ಞರು ಆ ಪ್ರಶ್ನೆಯನ್ನು ಪಕ್ಕಕ್ಕಿಟ್ಟು, ನನ್ನ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಚ್ಚೆಯನ್ನಲ್ಲ, ಅದರ ಸುತ್ತಲಿನ ಚರ್ಮವನ್ನು ಬಹಳ ಹೊತ್ತು ನೋಡಿದರು. ಯಾಕೆಂದು ಆಗ ಅರ್ಥವಾಗಲಿಲ್ಲ. ಈಗ ಅರ್ಥವಾಗಿದೆ: ಶಾಯಿಯನ್ನು ಒಡೆಯುವ ಬೆಳಕು ಅದನ್ನು ತಲುಪಬೇಕಾದರೆ ಮೊದಲು ನಮ್ಮ ಚರ್ಮದ ಸಹಜ ಬಣ್ಣವನ್ನು ದಾಟಿ ಹೋಗಬೇಕು. ಬಿಳಿಯರ ಚರ್ಮಕ್ಕೆ ಹೊಂದಿಸಿದ ಅಳತೆಗಳನ್ನೇ ನಮ್ಮ ಕಂದು ಚರ್ಮಕ್ಕೂ ಹಚ್ಚಿದರೆ ಸುಟ್ಟ ಕಲೆ, ಬಿಳಿ ಮಚ್ಚೆ ಅಥವಾ ಮೊದಲಿಗಿಂತ ಗಾಢವಾದ ಕಪ್ಪು ಉಳಿಯುತ್ತದೆ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಹಂತಗಳನ್ನು ಓದಬೇಕೆಂದು ಕೋರುತ್ತೇನೆ.

ಬೆಳಕು ಚರ್ಮದೊಳಗೆ ಮಾಡುವ ಕೆಲಸ

ಹಚ್ಚೆಯ ಶಾಯಿ ಇರುವುದು ಹೊರಚರ್ಮದಲ್ಲಲ್ಲ, ಅದರ ಕೆಳಗಿನ ಒಳಚರ್ಮದಲ್ಲಿ. ಸೂಜಿ ಒಳಗೆ ಬಿಟ್ಟ ಕಣಗಳನ್ನು ದೇಹದ ರಕ್ಷಣಾ ಕೋಶಗಳಾದ ಮ್ಯಾಕ್ರೋಫೇಜ್‌ಗಳು ನುಂಗುತ್ತವೆ. ಆದರೆ ಕಣಗಳು ದೊಡ್ಡವಾದ್ದರಿಂದ ಅವುಗಳನ್ನು ಕರಗಿಸಲಾಗದೆ ಹೊಟ್ಟೆಯಲ್ಲಿಟ್ಟುಕೊಂಡೇ ಕೂರುತ್ತವೆ. 2018ರಲ್ಲಿ ಫ್ರಾನ್ಸಿನ ಸಂಶೋಧಕರು ಇಲಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಹಾಗೆ ಶಾಯಿ ನುಂಗಿದ ಕೋಶ ಸತ್ತಾಗ ಹೊರಬಿದ್ದ ಬಣ್ಣವನ್ನು ಹೊಸದಾಗಿ ಬಂದ ಕೋಶ ಮತ್ತೆ ನುಂಗುತ್ತದೆ ಎಂಬುದು ಕಂಡುಬಂತು. ಹಚ್ಚೆ ಜೀವಮಾನವಿಡೀ ಉಳಿಯುವುದರ ಗುಟ್ಟು ಇದೇ. ಲೇಸರ್ ಮಾಡುವುದಿಷ್ಟು: ಆ ಕಣಗಳನ್ನು ಸಣ್ಣ ಸಣ್ಣ ಚೂರುಗಳಾಗಿ ಒಡೆಯುವುದು. ಚೂರುಗಳನ್ನು ಹೊತ್ತು ಸಾಗಿಸುವ ಕೆಲಸ ದೇಹದ್ದು, ಮುಖ್ಯವಾಗಿ ದುಗ್ಧರಸ ನಾಳಗಳದ್ದು. ಆದ್ದರಿಂದಲೇ ಹಚ್ಚೆ ಮಾಯುವುದು ಯಂತ್ರದ ಮುಂದೆ ಕೂತ ಹತ್ತು ನಿಮಿಷಗಳಲ್ಲಲ್ಲ, ಎರಡು ಸಿಟ್ಟಿಂಗ್‌ಗಳ ನಡುವಿನ ವಾರಗಳಲ್ಲಿ.

ಸುತ್ತಲಿನ ಚರ್ಮ ಸುಡದೆ ಬಣ್ಣ ಮಾತ್ರ ಒಡೆಯುವುದು ಹೇಗೆ ಎಂಬುದನ್ನು 1983ರಲ್ಲಿ ಅಮೆರಿಕದ ವೈದ್ಯರಾದ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಷ್ ಸಿದ್ಧಾಂತವಾಗಿ ಮಂಡಿಸಿದರು. ಗುರಿಯ ಬಣ್ಣ ಹೀರಿಕೊಳ್ಳುವ ತರಂಗಾಂತರವನ್ನೇ ಆರಿಸಬೇಕು, ಮತ್ತು ಗುರಿಯ ಬಿಸಿ ಪಕ್ಕಕ್ಕೆ ಹರಡುವ ಮೊದಲೇ ಬೆಳಕಿನ ಹೊಡೆತ ಮುಗಿದಿರಬೇಕು ಎಂಬುದು ಅದರ ತಿರುಳು. ಶಾಯಿಯ ಕಣಗಳಂತಹ ಅತಿ ಸಣ್ಣ ಗುರಿಗೆ ಹೊಡೆತವೂ ಅತಿ ಚಿಕ್ಕದಾಗಿರಬೇಕು. ಕ್ಯೂ-ಸ್ವಿಚ್ಡ್ ಲೇಸರ್‌ಗಳಲ್ಲಿ ಅದು ಕೆಲವು ನ್ಯಾನೋಸೆಕೆಂಡ್, ಅಂದರೆ ಸೆಕೆಂಡಿನ ನೂರು ಕೋಟಿಯ ಕೆಲವೇ ಪಾಲು. ಪಿಕೋಸೆಕೆಂಡ್ ಲೇಸರ್‌ಗಳಲ್ಲಿ ಅದಕ್ಕಿಂತಲೂ ಚಿಕ್ಕದು. ಕೂದಲು ತೆಗೆಯುವ ಯಂತ್ರಗಳ ಹೊಡೆತ ಮಿಲಿಸೆಕೆಂಡುಗಳ ಲೆಕ್ಕದ್ದು, ಲಕ್ಷಾಂತರ ಪಟ್ಟು ಉದ್ದದ್ದು. ಅದನ್ನು ಹಚ್ಚೆಯ ಮೇಲೆ ಬಿಟ್ಟರೆ ಶಾಯಿ ಒಡೆಯುವುದಿಲ್ಲ. ಬಿಸಿಯಾದ ಶಾಯಿ ಸುತ್ತಲಿನ ಚರ್ಮವನ್ನು ಬೇಯಿಸುತ್ತದೆ. ಐಪಿಎಲ್ ಎಂಬ ಬೆಳಕಿನ ಯಂತ್ರಕ್ಕೂ ಇದೇ ಮಾತು ಅನ್ವಯಿಸುತ್ತದೆ. "ಲೇಸರ್ ಎಂದರೆ ಎಲ್ಲವೂ ಒಂದೇ" ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬರುವುದು ಒಳ್ಳೆಯದು.

ಮೊದಲ ಹಂತ: ಗುರುತು ಯಾವುದೆಂದು ತಿಳಿಯುವುದು

ಹಚ್ಚೆಯ ವಿಷಯದಲ್ಲಿ ಈ ಹಂತ ಸುಲಭ. ಅದು ಯಂತ್ರದಿಂದ ಹಾಕಿದ್ದೋ, ಕೈಯಿಂದ ಚುಚ್ಚಿದ್ದೋ, ಯಾವ ಯಾವ ಬಣ್ಣಗಳಿವೆ, ಹಳೆಯದರ ಮೇಲೆ ಹೊಸದನ್ನು ಹಾಕಿ ಮುಚ್ಚಿದ್ದಾರೆಯೇ, ಹಾಕುವಾಗಲೇ ಚರ್ಮ ದಪ್ಪಗಾಗಿ ಉಬ್ಬಿದೆಯೇ ಎಂಬುದನ್ನು ವೈದ್ಯರಿಗೆ ಹೇಳಬೇಕು. ನಮ್ಮ ಹಳ್ಳಿಗಳಲ್ಲಿ ಕೊರವಂಜಿಯರು ದೀಪದ ಮಸಿಯಿಂದ ಅಜ್ಜಿಯರ ಹಣೆಗೂ ಮುಂಗೈಗೂ ಹಾಕುತ್ತಿದ್ದ ಹಚ್ಚೆ ಬರಿಯ ಇಂಗಾಲ. ಅದು ಲೇಸರ್‌ಗೆ ಬೇಗ ಜಗ್ಗುತ್ತದೆ. (ಅದನ್ನು ಅಳಿಸಲೇಬೇಕೇ ಎಂಬುದು ಬೇರೆ ಪ್ರಶ್ನೆ. ನನ್ನ ಅಜ್ಜಿಯ ಕೈಯ ಹಸಿರುಗಪ್ಪು ತೊಟ್ಟಿಲ ಚಿತ್ರ ಅಳಿಯಬಾರದಿತ್ತು ಎಂದೇ ನನಗೆ ಈಗಲೂ ಅನಿಸುತ್ತದೆ.) ಇಂದಿನ ಸ್ಟುಡಿಯೋಗಳ ಬಹುವರ್ಣದ ಹಚ್ಚೆಗಳಲ್ಲಿ ಶಾಯಿಯ ಪ್ರಮಾಣವೂ ಹೆಚ್ಚು, ಬೆರಕೆಯೂ ಹೆಚ್ಚು.

ಚರ್ಮದ ಕಪ್ಪಿನ ವಿಷಯ ಹೀಗಲ್ಲ. ಕನ್ನಡಿಯಲ್ಲಿ ಒಂದೇ ರೀತಿ ಕಾಣುವ ಕಲೆಗಳ ಹಿಂದೆ ಬೇರೆ ಬೇರೆ ಕಾರಣಗಳಿರುತ್ತವೆ, ಮತ್ತು ಲೇಸರ್ ಕೆಲವಕ್ಕೆ ಮಾತ್ರ ಮದ್ದು. ಕೆನ್ನೆ, ಹಣೆ, ಮೇಲ್ದುಟಿಯ ಮೇಲೆ ಎರಡೂ ಕಡೆ ಸಮವಾಗಿ ಹರಡುವ ಕಂದು ಛಾಯೆ ಬಂಗು. ಮೊಡವೆ, ಗಾಯ, ತುರಿಕೆಯ ನಂತರ ಉಳಿಯುವ ಕಪ್ಪು ಉರಿಯೂತದ ಗುರುತು. ಅದು ಬಹುಪಾಲು ತಿಂಗಳುಗಳಲ್ಲಿ ತಾನಾಗಿಯೇ ತಿಳಿಯಾಗುತ್ತದೆ. ಕುತ್ತಿಗೆಯ ಹಿಂಭಾಗ ಮತ್ತು ಕಂಕುಳಲ್ಲಿ ಮಖಮಲ್ಲಿನಂತೆ ದಪ್ಪಗಾಗುವ ಕಪ್ಪು ಹೆಚ್ಚಿನವರಲ್ಲಿ ಇನ್ಸುಲಿನ್ ಪ್ರತಿರೋಧದ ಸೂಚನೆ. ಅಲ್ಲಿ ಬೇಕಾದದ್ದು ರಕ್ತದ ಸಕ್ಕರೆ ಪರೀಕ್ಷೆ ಮತ್ತು ತೂಕದ ನಿಯಂತ್ರಣ, ಲೇಸರ್ ಅಲ್ಲ. ಮುಖದ ಒಂದೇ ಬದಿಯಲ್ಲಿ, ಕಣ್ಣಿನ ಸುತ್ತ ಮತ್ತು ಕೆನ್ನೆಯ ಮೇಲೆ ಹುಟ್ಟಿನಿಂದಲೋ ಹರೆಯದಿಂದಲೋ ಇರುವ ನೀಲಿಬೂದು ಛಾಯೆಗೆ ನೀವಸ್ ಆಫ್ ಓಟಾ ಎಂದು ಹೆಸರು. 1064 ನ್ಯಾನೋಮೀಟರ್ ಲೇಸರ್ ಚೆನ್ನಾಗಿ ಕೆಲಸ ಮಾಡುವ ಗುರುತುಗಳಲ್ಲಿ ಇದು ಮುಖ್ಯವಾದದ್ದು. ಆದರೆ ಇದಿರುವವರು ಕಣ್ಣಿನ ಒತ್ತಡವನ್ನೂ ಪರೀಕ್ಷಿಸಿಕೊಳ್ಳಬೇಕು.

ಇನ್ನೊಂದು ಎಚ್ಚರಿಕೆ ಪ್ರಾಣಕ್ಕೆ ಸಂಬಂಧಿಸಿದ್ದು. ಇತ್ತೀಚೆಗೆ ಬೆಳೆಯುತ್ತಿರುವ, ಅಂಚು ಓರೆಕೋರೆಯಾದ, ಒಂದಕ್ಕಿಂತ ಹೆಚ್ಚು ಬಣ್ಣವಿರುವ, ರಕ್ತ ಜಿನುಗುವ ಮಚ್ಚೆಯನ್ನು ಪರೀಕ್ಷೆಯಿಲ್ಲದೆ ಲೇಸರ್‌ನಿಂದ ತೆಗೆಸಬಾರದು. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ನಮ್ಮಲ್ಲಿ ವಿರಳವಾದರೂ ಅಂಗಾಲು, ಅಂಗೈ, ಉಗುರಿನ ಬುಡದಲ್ಲಿ ಕಾಣಿಸಿಕೊಳ್ಳುವುದುಂಟು. ಮೇಲಿನ ಬಣ್ಣ ಅಳಿಸಿದರೆ ಒಳಗಿನ ರೋಗ ಮರೆಯಾಗಿ ಬೆಳೆಯುತ್ತದೆ. ಹಚ್ಚೆಯೊಳಗೆ ಮಚ್ಚೆಯಿದ್ದರೂ ಅದನ್ನು ಮೊದಲೇ ತೋರಿಸಬೇಕು.

ಎರಡನೆಯ ಹಂತ: ವೈದ್ಯರನ್ನೂ ಯಂತ್ರವನ್ನೂ ಆರಿಸುವುದು

ಚಿಕಿತ್ಸೆಯನ್ನು ಚರ್ಮರೋಗದಲ್ಲಿ ಸ್ನಾತಕೋತ್ತರ ಪದವಿ ಅಥವಾ ಡಿಪ್ಲೊಮಾ ಪಡೆದ ವೈದ್ಯರೇ ಯೋಜಿಸಬೇಕು, ಅವರ ಸಮ್ಮುಖದಲ್ಲೇ ನಡೆಯಬೇಕು. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್‌ಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಡಿ ನೋಂದಣಿ ಮಾಡಿಸಿರಬೇಕು. ಕೆಪಿಎಂಇ ಎಂದು ಎಲ್ಲರೂ ಕರೆಯುವ ಆ ಪ್ರಮಾಣಪತ್ರ ಗೋಡೆಯ ಮೇಲಿದೆಯೇ ನೋಡಿ. ವೈದ್ಯರ ಹೆಸರಿನ ಕೆಳಗೆ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು. ಖರ್ಚಿನ ಚಿಂತೆ ಇರುವವರು ತಮ್ಮ ಜಿಲ್ಲೆಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಚರ್ಮರೋಗ ವಿಭಾಗದಲ್ಲಿ ಮೊದಲು ವಿಚಾರಿಸುವುದು ಮೇಲು. ಲೇಸರ್ ಇಲ್ಲದಿದ್ದರೂ ಸರಿಯಾದ ರೋಗನಿರ್ಣಯವಂತೂ ಸಿಗುತ್ತದೆ, ಮತ್ತು ಅರ್ಧ ಕೆಲಸ ಅಲ್ಲಿಗೇ ಮುಗಿದಂತೆ.

ಯಂತ್ರದ ಬಗ್ಗೆ ಸಂಕೋಚವಿಲ್ಲದೆ ಕೇಳಿ. ಯಾವ ಲೇಸರ್, ಯಾವ ತರಂಗಾಂತರ, ಹೊಡೆತದ ಅವಧಿ ನ್ಯಾನೋಸೆಕೆಂಡೋ ಪಿಕೋಸೆಕೆಂಡೋ ಎಂಬ ಮೂರು ಪ್ರಶ್ನೆಗಳಿಗೆ ನೇರ ಉತ್ತರ ಬರಬೇಕು. ಕಪ್ಪು ಮತ್ತು ಕಡುನೀಲಿ ಶಾಯಿಗೆ ಎನ್‌ಡಿ ಯಾಗ್ ಲೇಸರ್‌ನ 1064 ನ್ಯಾನೋಮೀಟರ್ ಬೆಳಕು ಹೊಂದುತ್ತದೆ. ಅದು ಆಳಕ್ಕಿಳಿಯುತ್ತದೆ, ಚರ್ಮಕ್ಕೆ ಸಹಜ ಬಣ್ಣ ಕೊಡುವ ಮೆಲನಿನ್ ಅದನ್ನು ಕಡಿಮೆ ಹೀರುತ್ತದೆ. ಹಾಗಾಗಿ ಕಂದು ಮತ್ತು ಕಪ್ಪು ಚರ್ಮಕ್ಕೆ ಇರುವವುಗಳಲ್ಲೇ ಸುರಕ್ಷಿತವಾದದ್ದು. ಕೆಂಪು, ಕಿತ್ತಳೆ ಬಣ್ಣಗಳಿಗೆ ಅದೇ ಯಂತ್ರದ 532 ನ್ಯಾನೋಮೀಟರ್ ಬೇಕು. ಆದರೆ ಮೆಲನಿನ್ ಆ ಹಸಿರು ಬೆಳಕನ್ನು ಬಹಳವಾಗಿ ಹೀರುವುದರಿಂದ ನಮ್ಮ ಚರ್ಮದಲ್ಲಿ ಬೊಕ್ಕೆ ಮತ್ತು ಬಣ್ಣಗೆಡುವ ಅಪಾಯ ಹೆಚ್ಚು. ಹಸಿರು ಮತ್ತು ತಿಳಿನೀಲಿಗೆ 755 ನ್ಯಾನೋಮೀಟರ್‌ನ ಅಲೆಕ್ಸಾಂಡ್ರೈಟ್ ಅಥವಾ 694 ನ್ಯಾನೋಮೀಟರ್‌ನ ರೂಬಿ ಲೇಸರ್ ಬಳಸುತ್ತಾರೆ. ಇವೂ ಮೆಲನಿನ್‌ಗೆ ತಾಗುತ್ತವೆ. ಹಳದಿ ಮತ್ತು ಬಿಳಿ ಬಹಳ ಹಠಮಾರಿ ಬಣ್ಣಗಳು. ಪಿಕೋಸೆಕೆಂಡ್ ಯಂತ್ರ ಕೆಲವು ಬಣ್ಣಗಳಲ್ಲಿ ಕಡಿಮೆ ಸಿಟ್ಟಿಂಗ್‌ಗಳಲ್ಲಿ ಫಲ ಕೊಡಬಹುದು. ಆದರೆ ಕಪ್ಪು ಹಚ್ಚೆಗೆ ನುರಿತ ಕೈಯಲ್ಲಿರುವ ಸಾಮಾನ್ಯ ಕ್ಯೂ-ಸ್ವಿಚ್ಡ್ ಯಂತ್ರವೇ ಸಾಕು ಎಂಬುದು ನನ್ನ ಅಭಿಪ್ರಾಯ.

ಬಿಳಿ, ಗುಲಾಬಿ, ಚರ್ಮದ ಬಣ್ಣ ಅಥವಾ ತುಟಿ ಹುಬ್ಬುಗಳಿಗೆ ಹಾಕಿಸಿಕೊಂಡ ಮೇಕಪ್ ಹಚ್ಚೆ ಇದ್ದವರು ಇನ್ನೊಂದು ಸಂಗತಿ ತಿಳಿದಿರಬೇಕು. ಅವುಗಳಲ್ಲಿ ಟೈಟಾನಿಯಂ ಡೈಆಕ್ಸೈಡ್ ಅಥವಾ ಕಬ್ಬಿಣದ ಆಕ್ಸೈಡ್ ಇದ್ದರೆ ಲೇಸರ್ ಬಿದ್ದ ಕ್ಷಣದಲ್ಲೇ ಅವು ರಾಸಾಯನಿಕವಾಗಿ ಬದಲಾಗಿ ಕಪ್ಪಾಗುತ್ತವೆ. ಹುಬ್ಬಿನ ತಿಳಿಗಂದು ಕ್ಷಣದಲ್ಲಿ ಕಡುಕಪ್ಪಾದರೆ ಎದೆಯೊಡೆಯುವುದು ಸಹಜ. ಆ ಕಪ್ಪನ್ನು ಮುಂದಿನ ಸಿಟ್ಟಿಂಗ್‌ಗಳಲ್ಲಿ ತೆಗೆಯಬಹುದಾದರೂ ಇಂಥ ಹಚ್ಚೆಗಳಿಗೆ ಪ್ಯಾಚ್ ಟೆಸ್ಟ್, ಅಂದರೆ ಒಂದು ಮೂಲೆಯಲ್ಲಿ ಮಾತ್ರ ಲೇಸರ್ ಬಿಟ್ಟು ನೋಡುವ ಪರೀಕ್ಷೆ, ಮಾಡದೆ ಮುಂದುವರಿಯಲೇಬಾರದು. ನಮ್ಮ ಚರ್ಮಕ್ಕಂತೂ ಯಾವ ಬಣ್ಣದ ಹಚ್ಚೆಗಾದರೂ ಪ್ಯಾಚ್ ಟೆಸ್ಟ್ ಮಾಡಿ ನಾಲ್ಕಾರು ವಾರ ಕಾಯುವುದು ವ್ಯರ್ಥವಲ್ಲ. ಚರ್ಮ ಕಪ್ಪಾಗುವುದೋ ಬಿಳಿಚುವುದೋ ತಿಳಿಯಲು ಅಷ್ಟು ಸಮಯ ಬೇಕು.

ಮೂರನೆಯ ಹಂತ: ವೈದ್ಯರಿಗೆ ಮುಚ್ಚಿಡದೆ ಹೇಳಬೇಕಾದವು

ಗರ್ಭಿಣಿಯರು ಮತ್ತು ಮೊಲೆಯೂಡುವ ತಾಯಂದಿರು ಇದನ್ನು ಮುಂದಕ್ಕೆ ಹಾಕುವುದೇ ವಾಡಿಕೆ. ಗಾಯವಾದರೆ ಉಬ್ಬಿ ಬೆಳೆಯುವ ಕೀಲಾಯ್ಡ್ ಸ್ವಭಾವ, ತೊನ್ನು, ಸೋರಿಯಾಸಿಸ್, ಬಿಸಿಲಿಗೆ ಕೆರಳುವ ಕಾಯಿಲೆಗಳು, ಮೊಡವೆಗೆ ನುಂಗುವ ಐಸೊಟ್ರೆಟಿನಾಯಿನ್ ಮಾತ್ರೆ, ರಕ್ತ ತೆಳುವಾಗಿಸುವ ಔಷಧಿ ಇವುಗಳ ಬಗ್ಗೆ ಹೇಳಬೇಕು. ಹಿಂದೆ ಸಂಧಿವಾತಕ್ಕೆ ಚಿನ್ನದ ಲವಣದ ಇಂಜೆಕ್ಷನ್ ಪಡೆದವರ ಚರ್ಮ ಕ್ಯೂ-ಸ್ವಿಚ್ಡ್ ಲೇಸರ್ ತಗುಲಿದರೆ ನೀಲಿಗಟ್ಟುವುದರಿಂದ ಅದನ್ನಂತೂ ಮರೆಯಬಾರದು. ಬಾಯಿಯ ಸುತ್ತ ಚಿಕಿತ್ಸೆ ಮಾಡಿಸುವವರಿಗೆ ಹಿಂದೆ ಸರ್ಪಸುತ್ತಿನ ಜಾತಿಯ ಜ್ವರಗುಳ್ಳೆ ಎದ್ದಿದ್ದರೆ ಮೊದಲೇ ಮಾತ್ರೆ ಕೊಡುತ್ತಾರೆ.

ಹಚ್ಚೆಯ ಕೆಂಪು ಭಾಗ ಆಗಾಗ ತುರಿಸಿ ಉಬ್ಬುತ್ತಿದ್ದರೆ ಅದು ಶಾಯಿಯ ಅಲರ್ಜಿ. ಅಂಥ ಶಾಯಿಯನ್ನು ಲೇಸರ್ ಒಡೆದಾಗ ಚೂರುಗಳು ಮೈಯೆಲ್ಲಾ ಹರಡಿ ದದ್ದು, ಉಸಿರಾಟದ ತೊಂದರೆ ಉಂಟಾಗುವ ಅಪಾಯವಿದೆ. ಅವರಿಗೆ ಬೇರೆ ದಾರಿ ಹುಡುಕಬೇಕಾಗುತ್ತದೆ.

ಸೇನೆ ಅಥವಾ ಅರೆಸೇನಾ ಪಡೆಗಳ ನೇಮಕಾತಿಗಾಗಿ ಅವಸರದಲ್ಲಿ ಬರುವ ಯುವಕರು ಬಹಳ. ಭಾರತೀಯ ಸೇನೆ ಮುಂಗೈಯ ಒಳಭಾಗ ಮತ್ತು ಹಸ್ತದ ಹಿಂಬದಿಯ ಹಚ್ಚೆಗೆ ಸಾಮಾನ್ಯವಾಗಿ ಅವಕಾಶ ಕೊಡುತ್ತದೆ, ಉಳಿದ ಜಾಗಗಳಿಗೆ ಇಲ್ಲ. ಬುಡಕಟ್ಟು ಸಮುದಾಯಗಳಿಗೆ ರಿಯಾಯಿತಿ ಇದೆ. ಆ ವರ್ಷದ ಅಧಿಸೂಚನೆಯನ್ನು ಓದಿಯೇ ನಿರ್ಧರಿಸಿ, ಮತ್ತು ದೈಹಿಕ ಪರೀಕ್ಷೆಗೆ ಎರಡು ತಿಂಗಳಿರುವಾಗ ಶುರು ಮಾಡಬೇಡಿ. ಹಚ್ಚೆ ಅಳಿಯುವುದಕ್ಕೆ ವರ್ಷವೇ ಹಿಡಿಯಬಹುದು. ಅವಸರದಲ್ಲಿ ಆಸಿಡ್ ಹಾಕಿಯೋ, ಉಪ್ಪಿನಲ್ಲಿ ಉಜ್ಜಿಯೋ, ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿಯೋ ಸುಟ್ಟುಕೊಂಡವರ ಗಾಯದ ಗುರುತನ್ನು ಯಾವ ಲೇಸರ್ ಕೂಡ ಅಳಿಸಲಾರದು.

ನಾಲ್ಕನೆಯ ಹಂತ: ಚರ್ಮವನ್ನು ಸಿದ್ಧಪಡಿಸುವುದು

ಬಿಸಿಲಿಗೆ ಕಂದಿದ ಚರ್ಮದ ಮೇಲೆ ಲೇಸರ್ ಹಾಕಿಸಬಾರದು. ಕನಿಷ್ಠ ನಾಲ್ಕು ವಾರ ಆ ಭಾಗವನ್ನು ಬಿಸಿಲಿನಿಂದ ಮರೆಯಾಗಿಡಬೇಕು. ತುಂಬುತೋಳಿನ ಹತ್ತಿ ಅಂಗಿ ಎಲ್ಲ ಕ್ರೀಮಿಗಿಂತ ಮೇಲು. ಬಳ್ಳಾರಿ, ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಹೊಲದ ಕೆಲಸ ಮಾಡುವವರಿಗೆ ಮಳೆಗಾಲದಲ್ಲಿ ಆರಂಭಿಸಿ ಎಂದೇ ನಾನು ಹೇಳುತ್ತೇನೆ, ಮೋಡದ ದಿನವೂ ನೇರಳಾತೀತ ಕಿರಣ ಬರುತ್ತದೆ ಎಂಬ ನೆನಪಿನೊಂದಿಗೆ. ರೆಟಿನಾಯ್ಡ್ ಕ್ರೀಮ್, ಬ್ಲೀಚ್, ವ್ಯಾಕ್ಸಿಂಗ್, ಸ್ಕ್ರಬ್‌ಗಳನ್ನು ವೈದ್ಯರು ಹೇಳಿದಷ್ಟು ದಿನ ಮೊದಲೇ ನಿಲ್ಲಿಸಬೇಕು. ಧೂಮಪಾನ ಬಿಡುವುದರಿಂದಲೂ ಲಾಭವಿದೆ. ಸೇದುವವರಲ್ಲಿ ಹಚ್ಚೆ ನಿಧಾನವಾಗಿ ಮಾಯುತ್ತದೆ.

ಅದೇ ಜಾಗ, ಅದೇ ಕಿಟಕಿಯ ಬೆಳಕು, ಅದೇ ದೂರದಲ್ಲಿ ಒಂದು ಫೋಟೋ ತೆಗೆದಿಡಿ. ಪ್ರತಿ ಸಿಟ್ಟಿಂಗ್‌ಗೆ ಮುಂಚೆಯೂ ತೆಗೆಯಿರಿ. ದಿನವೂ ನೋಡುವ ಕಣ್ಣಿಗೆ ಬದಲಾವಣೆ ಕಾಣುವುದಿಲ್ಲ. ನಾಲ್ಕನೆಯ ಸಿಟ್ಟಿಂಗ್ ನಂತರ "ಏನೂ ಆಗಿಲ್ಲ" ಎಂದು ಬಿಡಲು ಹೊರಟಿದ್ದ ನನ್ನನ್ನು ತಡೆದದ್ದು ಆ ಫೋಟೋಗಳೇ.

ಐದನೆಯ ಹಂತ: ಸಿಟ್ಟಿಂಗ್‌ನ ದಿನ

ಚರ್ಮ ಮರಗಟ್ಟಿಸಲು ಲಿಡೊಕೇನ್ ಮತ್ತು ಪ್ರಿಲೊಕೇನ್ ಬೆರೆತ ಕ್ರೀಮ್ ಹಚ್ಚಿ, ತೆಳುವಾದ ಪ್ಲಾಸ್ಟಿಕ್ ಹಾಳೆ ಮುಚ್ಚಿ 45ರಿಂದ 60 ನಿಮಿಷ ಬಿಡುತ್ತಾರೆ. ಇದನ್ನು ಮನೆಯಲ್ಲೇ ದೊಡ್ಡ ಜಾಗಕ್ಕೆ ಬಳಿದುಕೊಂಡು ಹೋಗಬೇಡಿ. ಔಷಧಿ ರಕ್ತಕ್ಕೆ ಹೆಚ್ಚಾಗಿ ಸೇರಿದರೆ ಅದೇ ಅಪಾಯ. ಕ್ರೀಮ್ ಒರೆಸಿ, ಚರ್ಮ ಒಣಗಿಸಿ, ಎಲ್ಲರ ಕಣ್ಣಿಗೂ ಆ ತರಂಗಾಂತರಕ್ಕೆಂದೇ ಮಾಡಿದ ಕನ್ನಡಕ ಹಾಕುತ್ತಾರೆ. 1064 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಅಕ್ಷಿಪಟಲವನ್ನು ಕ್ಷಣದಲ್ಲಿ ಸುಡಬಲ್ಲದು. ಹುಬ್ಬು ಅಥವಾ ರೆಪ್ಪೆಯ ಹತ್ತಿರದ ಕೆಲಸಕ್ಕೆ ರೆಪ್ಪೆಯೊಳಗೆ ಲೋಹದ ಕವಚ ಇಡಬೇಕು. ಬರಿಯ ಹತ್ತಿಯ ಉಂಡೆ ಸಾಲದು.

ಮೊದಲ ಹೊಡೆತ ಬಿದ್ದಾಗ ಟಕ್ ಎಂಬ ಸದ್ದು, ಸುಟ್ಟ ಕೂದಲಿನ ವಾಸನೆ, ಮತ್ತು ಒಗ್ಗರಣೆಯ ಸಾಸಿವೆ ಸಿಡಿದು ಎಣ್ಣೆಯ ಹನಿ ಮುಂಗೈಗೆ ತಾಗಿದಂಥ ಚುರುಕು. ಅದರ ಹಿಂದೆಯೇ ಇನ್ನೊಂದು, ಮತ್ತೊಂದು. ನನ್ನ ಮೂರು ಅಕ್ಷರಗಳಿಗೆ ಎರಡು ನಿಮಿಷವೂ ಹಿಡಿಯಲಿಲ್ಲ. ಹೊಡೆತ ಬಿದ್ದ ಕಡೆಯಲ್ಲೆಲ್ಲ ಕಪ್ಪು ಅಕ್ಷರ ಬೆಳ್ಳಗಾಗಿ, ಸ್ಲೇಟಿನ ಮೇಲೆ ಬಳಪದಲ್ಲಿ ತಿದ್ದಿದಂತೆ ಕಂಡಿತು. ಹಚ್ಚೆ ಮಾಯವಾಯಿತೆಂದು ಹಿಗ್ಗಿದೆ. ಅದು ಶಾಯಿ ಬಿಸಿಯಾದಾಗ ಚರ್ಮದೊಳಗೆ ಏಳುವ ಅನಿಲದ ಗುಳ್ಳೆಗಳ ಬಿಳುಪು. ಇಪ್ಪತ್ತು ನಿಮಿಷದಲ್ಲಿ ಇಳಿದು ಅಕ್ಷರಗಳು ಮತ್ತೆ ಎದ್ದುಬಂದವು. ಆದರೆ ಈ ಬಿಳುಪು ವೈದ್ಯರಿಗೆ ಅಗತ್ಯವಾದ ಸೂಚನೆ: ಶಕ್ತಿಯ ಪ್ರಮಾಣ ಸರಿಯಿದೆ ಎಂಬ ಗುರುತು. ಬಿಳುಪಿನ ಬದಲು ಚರ್ಮ ಹರಿದು ರಕ್ತ ಚಿಮ್ಮಿದರೆ, ತಕ್ಷಣವೇ ಬೊಕ್ಕೆ ಎದ್ದರೆ ಶಕ್ತಿ ಹೆಚ್ಚಾಗಿದೆ ಎಂದರ್ಥ. ಆ ಕೂಡಲೇ ಹೇಳಿ. ನಮ್ಮ ಚರ್ಮಕ್ಕೆ ಬಿಳುಪು ಮಸುಕಾಗಿ ಕಾಣುವಷ್ಟರಲ್ಲಿ ನಿಲ್ಲುವವರೇ ಅನುಭವಸ್ಥರು.

ಒಂದೇ ದಿನದಲ್ಲಿ 20 ನಿಮಿಷಗಳ ಅಂತರದಲ್ಲಿ ನಾಲ್ಕು ಬಾರಿ ಹೊಡೆಯುವ ಆರ್20 ಎಂಬ ವಿಧಾನವೂ ಇದೆ. ಬಿಳುಪು ಇಳಿದ ಮೇಲೆ ಬೆಳಕು ಮತ್ತೆ ಒಳಹೋಗಬಲ್ಲದು ಎಂಬುದು ಅದರ ಹಿಂದಿನ ಲೆಕ್ಕ. ಕಂದು ಚರ್ಮಕ್ಕೆ ಒಂದೇ ದಿನ ಅಷ್ಟು ಬಿಸಿ ಕೊಡುವುದು ನನಗೆ ಒಪ್ಪಿಗೆಯಿಲ್ಲ.

ಆರನೆಯ ಹಂತ: ಮನೆಯ ಆರೈಕೆ

ಚಿಕಿತ್ಸೆ ಮುಗಿದೊಡನೆ ಬಟ್ಟೆ ಸುತ್ತಿದ ಐಸ್‌ ಹತ್ತು ನಿಮಿಷ ಒತ್ತಿ, ವ್ಯಾಸಲೀನ್‌ನಂಥ ಬಿಳಿ ಪೆಟ್ರೋಲಿಯಂ ಜೆಲ್ಲಿ ತೆಳುವಾಗಿ ಹಚ್ಚಿ, ಅಂಟದ ಗಾಜ್ ಕಟ್ಟುತ್ತಾರೆ. ಮನೆಯಲ್ಲಿ ದಿನಕ್ಕೆ ಎರಡು ಬಾರಿ ಸೌಮ್ಯ ಸಾಬೂನಿನ ನೀರಿನಿಂದ ತೊಳೆದು, ಒತ್ತಿ ಒರೆಸಿ, ಮತ್ತೆ ಜೆಲ್ಲಿ ಹಚ್ಚಬೇಕು. ಮೊದಲ ಒಂದೆರಡು ದಿನಗಳಲ್ಲಿ ಊತ, ಕೆಂಪು, ನೀರುಗುಳ್ಳೆ ಏಳಬಹುದು. ಗುಳ್ಳೆಯನ್ನು ಚುಚ್ಚಬಾರದು, ಅದರ ಮೇಲಿನ ಚರ್ಮವೇ ಒಳ್ಳೆಯ ಪಟ್ಟಿ. ತುಂಬ ದೊಡ್ಡದಾದರೆ ವೈದ್ಯರೇ ಶುದ್ಧ ಸೂಜಿಯಿಂದ ನೀರು ತೆಗೆಯುತ್ತಾರೆ. ಮುಂದಿನ ಒಂದೆರಡು ವಾರ ಹಕ್ಕಳೆ ಕಟ್ಟಿ ತಾನಾಗಿ ಉದುರುತ್ತದೆ. ತುರಿಕೆ ತಾಳಲಾರದೆ ಹಕ್ಕಳೆ ಕಿತ್ತರೆ ಅಲ್ಲಿ ಗುರುತು ನಿಲ್ಲುತ್ತದೆ.

ಮನೆಯ ಹಿರಿಯರು ಪ್ರೀತಿಯಿಂದ ಅರಿಶಿನ, ನಿಂಬೆರಸ, ಸುಣ್ಣ, ಟೂತ್‌ಪೇಸ್ಟ್ ಹಚ್ಚಲು ಹೇಳುತ್ತಾರೆ. ನಮ್ಮಮ್ಮ ಎಣ್ಣೆಯಲ್ಲಿ ಕಲಸಿದ ಅರಿಶಿನದ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಿದ್ದರು. ತೆರೆದ ಗಾಯಕ್ಕೆ ಅವು ಯಾವುದೂ ಬೇಡ ಎಂದು ಮೆಲ್ಲಗೆ ಹೇಳಿ ತಪ್ಪಿಸಿಕೊಳ್ಳಿ. ಗಾಯ ಮಾಯುವವರೆಗೆ ಕೆರೆ, ಈಜುಕೊಳ, ಬೆವರು ಸುರಿಸುವ ವ್ಯಾಯಾಮ ಬೇಡ. ಹಕ್ಕಳೆ ಉದುರಿದ ಮೇಲೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಿ, ಹೊರಗಿದ್ದರೆ ಎರಡು ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು.

ಕೀವು, ಜ್ವರ, ದಿನೇ ದಿನೇ ಹರಡುವ ಕೆಂಪು, ಮೈಯೆಲ್ಲಾ ದದ್ದು, ಉಸಿರು ಕಟ್ಟುವುದು, ಕಣ್ಣು ಮಂಜಾಗುವುದು ಇವುಗಳಲ್ಲಿ ಯಾವುದು ಕಂಡರೂ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಕೆಲವು ವಾರಗಳ ನಂತರ ಆ ಜಾಗ ಕಪ್ಪಾದರೆ ಗಾಬರಿ ಬೇಡ; ಅದು ಬಹುಮಟ್ಟಿಗೆ ತಿಳಿಯಾಗುತ್ತದೆ. ಬಿಳಿಚಿದರೆ ಮಾತ್ರ ಬಣ್ಣ ಮರಳುವವರೆಗೆ ಮುಂದಿನ ಸಿಟ್ಟಿಂಗ್ ನಿಲ್ಲಿಸಿ.

ಬಂಗಿನ ದಾರಿಯೇ ಬೇರೆ

ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಹೆಚ್ಚು ನೋವು ಕಂಡದ್ದು ಇಲ್ಲಿಯೇ. ನನ್ನ ಅಕ್ಕನಿಗೆ ಎರಡನೆಯ ಹೆರಿಗೆಯ ನಂತರ ಎರಡೂ ಕೆನ್ನೆಗೆ ಬಂಗು ಬಂತು. ಒಂದು ಸೌಂದರ್ಯ ಕೇಂದ್ರದವರು ಹತ್ತು ಸಿಟ್ಟಿಂಗ್‌ಗಳ ಲೇಸರ್ ಟೋನಿಂಗ್ (ಕಡಿಮೆ ಶಕ್ತಿಯ ಲೇಸರನ್ನು ಮುಖದ ಮೇಲೆ ಮತ್ತೆ ಮತ್ತೆ ಬಿಡುವುದು) ಪ್ಯಾಕೇಜ್ ಮುಂಗಡ ಹಣಕ್ಕೆ ಕಟ್ಟಿಕೊಟ್ಟರು. ಸನ್‌ಸ್ಕ್ರೀನ್ ಬಗ್ಗೆ ಒಂದು ಮಾತೂ ಇರಲಿಲ್ಲ, ವೈದ್ಯರ ಮುಖವನ್ನೂ ಅವಳು ಕಾಣಲಿಲ್ಲ. ಮೊದಲ ನಾಲ್ಕರಲ್ಲಿ ಮುಖ ತಿಳಿಯಾದಂತೆ ಕಂಡಿತು. ಎಂಟನೆಯದರ ಹೊತ್ತಿಗೆ ಕಂದಿನ ನಡುವೆ ಅಕ್ಕಿಕಾಳಿನಷ್ಟಗಲದ ಬಿಳಿ ಚುಕ್ಕೆಗಳು ಎದ್ದವು. ನಿಲ್ಲಿಸಿದ ಎರಡೇ ತಿಂಗಳಲ್ಲಿ ಬಂಗು ಮೊದಲಿಗಿಂತ ಗಾಢವಾಗಿ ಮರಳಿತು. ಬಿಳಿ ಚುಕ್ಕೆ ಮತ್ತು ಮರುಕಳಿಕೆ, ಎರಡೂ ಪದೇ ಪದೇ ಮಾಡುವ ಟೋನಿಂಗ್‌ನ ತಿಳಿದ ಅಡ್ಡಪರಿಣಾಮಗಳು ಎಂದು ಆಮೇಲೆ ಚರ್ಮರೋಗ ತಜ್ಞರು ತಿಳಿಸಿದರು.

ಬಂಗು ಒಂದು ಕಲೆಯಲ್ಲ, ಬಣ್ಣ ತಯಾರಿಸುವ ಕೋಶಗಳ ಅತಿಚುರುಕು. ಹಾರ್ಮೋನು, ಗರ್ಭಧಾರಣೆ, ಗರ್ಭನಿರೋಧಕ ಮಾತ್ರೆ, ಮನೆತನದ ಗುಣ, ಎಲ್ಲಕ್ಕಿಂತ ಮಿಗಿಲಾಗಿ ಬಿಸಿಲು ಅದನ್ನು ಕೆರಳಿಸುತ್ತವೆ. ಕಣ್ಣಿಗೆ ಕಾಣುವ ಬೆಳಕು ಮತ್ತು ಬಿಸಿಯೂ ಕೆರಳಿಸಬಲ್ಲವು. ಇರುವ ಮೆಲನಿನ್ ಒಡೆದು ಹಾಕಿದರೂ ಕೋಶಗಳು ಶಾಂತವಾಗದಿದ್ದರೆ ಮತ್ತೆ ತುಂಬುತ್ತವೆ, ಲೇಸರ್‌ನ ಬಿಸಿಯೇ ಅವನ್ನು ಇನ್ನಷ್ಟು ಎಬ್ಬಿಸಲೂಬಹುದು. ಆದ್ದರಿಂದ ಕ್ರಮ ಹೀಗಿರಬೇಕು. ಮೊದಲು ಕನಿಷ್ಠ ಮೂರು ತಿಂಗಳು ಸನ್‌ಸ್ಕ್ರೀನ್: ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಹಿಂಡಿದಷ್ಟು ಕ್ರೀಮ್ ಮುಖ ಮತ್ತು ಕುತ್ತಿಗೆಗೆ ಬೇಕು. ಕಬ್ಬಿಣದ ಆಕ್ಸೈಡ್ ಇರುವ, ತುಸು ಮಣ್ಣಿನ ಬಣ್ಣದ ಸನ್‌ಸ್ಕ್ರೀನ್ ಕಾಣುವ ಬೆಳಕನ್ನೂ ತಡೆಯುವುದರಿಂದ ಬಂಗಿಗೆ ಹೆಚ್ಚು ಉಪಯುಕ್ತ. ಅದರ ಜೊತೆಗೆ ವೈದ್ಯರು ಬರೆದ ಕ್ರೀಮ್. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮತ್ತು ಸೌಮ್ಯ ಸ್ಟೀರಾಯ್ಡ್ ಬೆರೆತ ಕ್ರೀಮ್ ಬಹಳ ಪರಿಣಾಮಕಾರಿ, ಆದರೆ ಅದು ಕೆಲವು ವಾರಗಳ ಮದ್ದು. ಪಕ್ಕದ ಮನೆಯವರು ಹೇಳಿದರೆಂದು ಮೊಮೆಟಾಸೋನ್ ಇರುವ ಟ್ಯೂಬನ್ನು ಫೇರ್‌ನೆಸ್ ಕ್ರೀಮಿನಂತೆ ವರ್ಷಗಟ್ಟಲೆ ಹಚ್ಚಿ ಚರ್ಮ ತೆಳುವಾಗಿ, ಕೆಂಪಾಗಿ, ಕೂದಲು ಬೆಳೆದವರು ನಮ್ಮೂರುಗಳಲ್ಲಿ ಕಡಿಮೆಯಿಲ್ಲ. ಇಂಥ ಸ್ಟೀರಾಯ್ಡ್ ಕ್ರೀಮ್‌ಗಳನ್ನು 2018ರಿಂದ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆಯನ್ನು ಕೆಲವರಿಗೆ ಕೊಡುತ್ತಾರೆ. ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಅದು ಸಲ್ಲದು, ತಾವಾಗಿ ನುಂಗಲೂಬಾರದು.

ಇಷ್ಟಾಗಿಯೂ ಉಳಿದ ಬಂಗಿಗೆ, ಕ್ರೀಮ್ ನಿಲ್ಲಿಸದೆ, ಕಡಿಮೆ ಶಕ್ತಿಯಲ್ಲಿ, ಮಿತವಾದ ಸಂಖ್ಯೆಯಲ್ಲಿ ಲೇಸರ್ ಬಳಸಬಹುದು. ಹಚ್ಚೆಯಲ್ಲಿ ಕಾಣಬೇಕಾದ ಬಿಳುಪು ಇಲ್ಲಿ ಕಾಣಲೇಬಾರದು; ನಸುಗೆಂಪು ಮೂಡಿದರೆ ಸಾಕು. ಮುಖಕ್ಕೆ ಬಿಸಿಲಿನಿಂದ ಬಂದ ಬಿಡಿ ಬಿಡಿ ಕಂದು ಚುಕ್ಕೆಗಳಿಗೆ ಒಂದೆರಡು ಸಿಟ್ಟಿಂಗ್ ಸಾಕಾಗಬಹುದು, ನೀವಸ್ ಆಫ್ ಓಟಾಗೆ ಹಲವು ಬೇಕು. ಅಕ್ಕ ಈಗ ಸನ್‌ಸ್ಕ್ರೀನ್ ಮತ್ತು ಕ್ರೀಮಿನಲ್ಲೇ ಇದ್ದಾಳೆ. ಬಿಳಿ ಚುಕ್ಕೆಗಳು ಒಂದೂವರೆ ವರ್ಷದಲ್ಲಿ ಬಹುಪಾಲು ತುಂಬಿವೆ.

ಎಷ್ಟು ಸಿಟ್ಟಿಂಗ್, ಎಲ್ಲಿ ನಿಲ್ಲಿಸಬೇಕು

ಹಚ್ಚೆಗೆ ಬೇಕಾಗುವ ಸಿಟ್ಟಿಂಗ್‌ಗಳನ್ನು ಮೊದಲೇ ಅಂದಾಜು ಮಾಡಲು 2009ರಲ್ಲಿ ಪ್ರಕಟವಾದ ಕರ್ಬಿ-ದೇಸಾಯಿ ಅಳತೆಯನ್ನು ವೈದ್ಯರು ಬಳಸುತ್ತಾರೆ. ಚರ್ಮದ ಬಣ್ಣ, ಹಚ್ಚೆ ಇರುವ ಜಾಗ, ಶಾಯಿಯ ಬಣ್ಣ, ಅದರ ಪ್ರಮಾಣ, ಗಾಯದ ಗುರುತು, ಒಂದರ ಮೇಲೊಂದು ಹಾಕಿದ್ದೇ ಎಂಬ ಆರು ಸಂಗತಿಗಳಿಗೆ ಅಂಕ ಕೊಟ್ಟು ಕೂಡುತ್ತಾರೆ. ಮೊತ್ತ ಸುಮಾರಾಗಿ ಸಿಟ್ಟಿಂಗ್‌ಗಳ ಸಂಖ್ಯೆ. ಕುತ್ತಿಗೆ, ಎದೆಯ ಹಚ್ಚೆ ಬೇಗ ಮಾಯುತ್ತದೆ, ಬೆರಳು ಮತ್ತು ಪಾದದ್ದು ತಡ. ಅಲ್ಲಿ ರಕ್ತ ಮತ್ತು ದುಗ್ಧರಸದ ಹರಿವು ಕಡಿಮೆ. ಈ ಆರನ್ನೂ ನೋಡದೆ "ಮೂರೇ ಸಿಟ್ಟಿಂಗ್, ಗ್ಯಾರಂಟಿ" ಎನ್ನುವ ಮಾತನ್ನು ನಂಬಬೇಡಿ. ಇಡೀ ಪ್ಯಾಕೇಜಿಗೆ ಮುಂಗಡ ಕೊಡುವುದಕ್ಕಿಂತ ಪ್ರತಿ ಸಿಟ್ಟಿಂಗ್‌ಗೆ ಕೊಡುವುದು ಲೇಸು. ಬಳಸಿದ ತರಂಗಾಂತರ, ಶಕ್ತಿ, ಬೆಳಕಿನ ಚುಕ್ಕೆಯ ಅಳತೆಯನ್ನು ಪ್ರತಿ ಬಾರಿ ಬರೆಸಿಕೊಳ್ಳಿ. ಊರು ಬದಲಾದರೆ ಹೊಸ ವೈದ್ಯರಿಗೆ ಆ ಚೀಟಿಯೇ ಆಧಾರ.

ಎರಡು ಸಿಟ್ಟಿಂಗ್‌ಗಳ ನಡುವೆ ಕನಿಷ್ಠ ಆರರಿಂದ ಎಂಟು ವಾರ ಇರಬೇಕು. ಬಣ್ಣ ಇನ್ನೂ ಇಳಿಯುತ್ತಿರುವಾಗ ಮೂರು ತಿಂಗಳು ಬಿಟ್ಟರೂ ನಷ್ಟವಿಲ್ಲ. ಕಂದು ಚರ್ಮಕ್ಕೆ ಅದರಿಂದ ಒಳಿತೇ. ಸತತ ಎರಡು ಸಿಟ್ಟಿಂಗ್‌ಗಳ ಫೋಟೋಗಳಲ್ಲಿ ವ್ಯತ್ಯಾಸ ಕಾಣದಿದ್ದರೆ ತರಂಗಾಂತರ ಬದಲಿಸಬೇಕೇ, ಕೆಲಕಾಲ ಬಿಡಬೇಕೇ, ಇಷ್ಟಕ್ಕೇ ಸಾಕೇ ಎಂದು ವೈದ್ಯರೊಂದಿಗೆ ಕೂತು ಮಾತಾಡಿ. ಉಳಿದ ಮಸುಕು ನೆರಳಿಗಾಗಿ ಶಕ್ತಿ ಏರಿಸುತ್ತಾ ಹೋದರೆ ಶಾಯಿಯ ಜಾಗದಲ್ಲಿ ಗಾಯದ ಗುರುತು ಬರುತ್ತದೆ.

ನನ್ನ ಕೈಗೆ ಒಂಬತ್ತು ಸಿಟ್ಟಿಂಗ್ ಆಗಿವೆ, ಒಂದೂವರೆ ವರ್ಷ ಹಿಡಿದಿದೆ. ನೇರ ಬೆಳಕಿನಲ್ಲಿ ಏನೂ ಕಾಣುವುದಿಲ್ಲ. ಸಂಜೆಯ ಓರೆ ಬಿಸಿಲಿಗೆ ಹಿಡಿದರೆ ನಡುವಿನ ಅಕ್ಷರದ ಕೊಂಬು ಮಾತ್ರ ಬೂದುಬಣ್ಣದಲ್ಲಿ ತೋರುತ್ತದೆ. ಇನ್ನಾರು ತಿಂಗಳು ಲೇಸರ್ ಬೇಡ, ದೇಹವೇ ಇನ್ನೂ ಸ್ವಲ್ಪ ಹೊತ್ತೊಯ್ಯುತ್ತದೆ ಎಂದು ವೈದ್ಯರು ಹೇಳಿದ್ದಾರೆ. ಮುಂದಿನ ಫೋಟೋ ದೀಪಾವಳಿಯ ನಂತರ, ಅದೇ ಕಿಟಕಿಯ ಬಳಿ.